ಗಾಳಿ ಯಾರ ಸ್ವತ್ತು? ಹಳ್ಳಿ ರೇಡಿಯೊ ಪರ ವಾದಿಸಿದ ಪ್ರೊಫೆಸರ್ ವಿನೋದ್ ಪಾವರಾಲ ಕಥೆ

ಅಂಗಡಿಯಲ್ಲಿ ಎಫ್‌ಎಂ ಹಾಕಿಕೊಂಡು ವ್ಯಾಪಾರ ಮಾಡುವವರಿಗೆ ಇದು ಗೊತ್ತಿರುವ ವಿಷಯವೇ. ಬೆಳಗ್ಗೆಯಿಂದ ರಾತ್ರಿವರೆಗೂ ಹಾಡು ಬರುತ್ತೆ, ಸಿನಿಮಾ ಸುದ್ದಿ ಬರುತ್ತೆ, ಬೆಂಗಳೂರಿನ ಟ್ರಾಫಿಕ್ ಕೂಡ ಬರುತ್ತೆ. ಆದರೆ ನಮ್ಮ ಸಂತೆಯಲ್ಲಿ ಇವತ್ತು ಟೊಮೆಟೊ ಬಾಕ್ಸ್ ಎಷ್ಟಕ್ಕೆ ಹೋಯಿತು, ಪಕ್ಕದ ಹಳ್ಳಿಗೆ ನೀರು ಯಾಕೆ ಬಂದಿಲ್ಲ, ಪಶು ಆಸ್ಪತ್ರೆಗೆ ಡಾಕ್ಟರ್ ಯಾವಾಗ ಬರ್ತಾರೆ ಅನ್ನೋದು ಆ ರೇಡಿಯೊದಲ್ಲಿ ಬರಲ್ಲ.

ಯಾಕೆ ಬರಲ್ಲ? ತಾಲ್ಲೂಕಿಗೊಂದು, ಹೋಬಳಿಗೊಂದು ರೇಡಿಯೊ ಇರಬಾರದು ಅಂತ ಏನಾದ್ರೂ ಇದೆಯಾ? ಈ ಪ್ರಶ್ನೆಯ ಬೆನ್ನು ಹತ್ತಿ ವರ್ಷಗಟ್ಟಲೆ ಓದಿದ, ಓಡಾಡಿದ, ಬರೆದ ಒಬ್ಬ ಮೇಷ್ಟ್ರು ಇದ್ದಾರೆ. ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿ ಸಂವಹನ ವಿಷಯ ಕಲಿಸಿದ ಪ್ರೊಫೆಸರ್ ವಿನೋದ್ ಪಾವರಾಲ. ಸಮುದಾಯ ರೇಡಿಯೊ ಬಗ್ಗೆ ಭಾರತದಲ್ಲಿ ಯಾರೇ ಗಂಭೀರವಾಗಿ ಮಾತಾಡಿದರೂ ಅವರ ಹೆಸರು ಬಂದೇ ಬರುತ್ತದೆ. ಅವರ ಕೆಲಸಕ್ಕೂ ಕೋಲಾರದ ಒಂದು ಹಳ್ಳಿಗೂ ನೇರ ನಂಟಿದೆ. ಅದನ್ನು ಸ್ವಲ್ಪ ಬಿಡಿಸಿ ನೋಡೋಣ.

ಯಾರು ಈ ಪಾವರಾಲ?

ಪಾವರಾಲ ಅವರು ಅಮೆರಿಕದ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಪಿಎಚ್‌.ಡಿ. ಮಾಡಿದವರು. 1996ರಲ್ಲಿ ಅವರ ಒಂದು ಪುಸ್ತಕ ಬಂತು. ಅದು ರೇಡಿಯೊ ಬಗ್ಗೆ ಅಲ್ಲ, ಭ್ರಷ್ಟಾಚಾರದ ಬಗ್ಗೆ. ಅಧಿಕಾರಿಗಳು, ರಾಜಕಾರಣಿಗಳಂಥ ಮೇಲಿನ ಸ್ಥಾನದಲ್ಲಿರುವವರು ಲಂಚವನ್ನು ಹೇಗೆ ನೋಡ್ತಾರೆ, ಅದಕ್ಕೆ ಏನು ಅರ್ಥ ಕೊಡ್ತಾರೆ ಅನ್ನೋದು ಅದರ ವಿಷಯ.

ಅಂದರೆ ಮೊದಲು ಅವರು ಅಧ್ಯಯನ ಮಾಡಿದ್ದು ದೇಶದಲ್ಲಿ ಯಾರ ಮಾತು ನಡೆಯುತ್ತೋ ಅವರನ್ನು. ಆಮೇಲೆ ಅವರು ಕಿವಿ ತಿರುಗಿಸಿದ್ದು ಯಾರ ಮಾತು ಯಾರಿಗೂ ಕೇಳಿಸಲ್ಲವೋ ಅವರ ಕಡೆಗೆ. ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಲೇ ಮೇದಕ್‌ನ ದಲಿತ ಹೆಣ್ಣುಮಕ್ಕಳ ಹತ್ತಿರ ಹೋದರು, ಕಛ್‌ಗೆ ಹೋದರು, ಜಾರ್ಖಂಡ್‌ಗೆ ಹೋದರು, ಕೋಲಾರ ಜಿಲ್ಲೆಗೂ ಬಂದರು. 2011ರಲ್ಲಿ ಯುನೆಸ್ಕೊ ಸಂಸ್ಥೆ ಸಮುದಾಯ ಮಾಧ್ಯಮಕ್ಕೆ ಅಂತಲೇ ಒಂದು ಅಧ್ಯಯನ ಪೀಠವನ್ನು ಅದೇ ವಿಶ್ವವಿದ್ಯಾಲಯದಲ್ಲಿ ಶುರು ಮಾಡಿದಾಗ ಅದರ ಜವಾಬ್ದಾರಿ ಬಂದಿದ್ದು ಇವರಿಗೇ.

ಸಂವಹನ ಹಕ್ಕು ಅಂದ್ರೆ ಏನು?

ಮಾತಾಡೋ ಹಕ್ಕು ಸಂವಿಧಾನದಲ್ಲೇ ಇದೆಯಲ್ಲ, 19ನೇ ವಿಧಿ, ಮತ್ತಿನ್ನೇನು ಬೇಕು ಅಂತ ಕೇಳಬಹುದು.

ಒಂದು ಉದಾಹರಣೆ ತಗೊಳ್ಳಿ. ಗ್ರಾಮಸಭೆಯಲ್ಲಿ ಎಲ್ಲರಿಗೂ ಮಾತಾಡೋ ಹಕ್ಕು ಇದೆ. ಆದರೆ ಮೈಕ್ ಒಬ್ಬರ ಕೈಯಲ್ಲೇ ಇದ್ದರೆ? ಹಿಂದೆ ಕೂತವರು ಎಷ್ಟೇ ಕೂಗಿದರೂ ಮುಂದಿನವರಿಗೆ ಕೇಳಿಸಲ್ಲ. ಹಕ್ಕು ಕಾಗದದಲ್ಲಿ ಇರುತ್ತೆ, ಮೈಕ್ ಮಾತ್ರ ಸಿಗಲ್ಲ. ಆ ಮೈಕ್ ಸರದಿ ಪ್ರಕಾರ ಎಲ್ಲರ ಕೈಗೂ ಬರಬೇಕು ಅನ್ನೋದೇ ಸಂವಹನ ಹಕ್ಕು. ಕೇಳಿಸಿಕೊಳ್ಳೋದಷ್ಟೇ ಅಲ್ಲ, ಹೇಳೋದಕ್ಕೂ, ಹೇಳಿದ್ದು ನಾಲ್ಕು ಜನಕ್ಕೆ ತಲುಪೋದಕ್ಕೂ ದಾರಿ ಇರಬೇಕು.

ಇದು ಹೊಸ ಮಾತಲ್ಲ. 1980ರಲ್ಲಿ ಯುನೆಸ್ಕೊ ನೇಮಿಸಿದ್ದ ಒಂದು ಆಯೋಗ ದೊಡ್ಡ ವರದಿ ಕೊಟ್ಟಿತ್ತು. ಅಧ್ಯಕ್ಷರು ಐರ್ಲೆಂಡಿನ ಶಾನ್ ಮ್ಯಾಕ್‌ಬ್ರೈಡ್, ನೊಬೆಲ್ ಶಾಂತಿ ಪ್ರಶಸ್ತಿ ಪಡೆದವರು. ಭಾರತದ ಪತ್ರಕರ್ತ ಬಿ.ಜಿ. ವರ್ಗೀಸ್ ಅದರಲ್ಲಿ ಸದಸ್ಯರಾಗಿದ್ದರು. ಸುದ್ದಿ ಮತ್ತು ಮಾಹಿತಿ ಶ್ರೀಮಂತ ದೇಶಗಳಿಂದ ಬಡ ದೇಶಗಳಿಗೆ, ಪೇಟೆಯಿಂದ ಹಳ್ಳಿಗೆ ಒಂದೇ ದಿಕ್ಕಿನಲ್ಲಿ ಹರಿಯುತ್ತಿದೆ, ಇದು ಸರಿಯಾಗಬೇಕು ಅಂತ ಆ ವರದಿ ಹೇಳಿತು. ಪಾವರಾಲ ಅವರ ಕೆಲಸ ಈ ದೊಡ್ಡ ಮಾತನ್ನು ಭಾರತದ ಹಳ್ಳಿಗೆ ಅನ್ವಯಿಸಿ ನೋಡೋದು. ಇಲ್ಲಿ ಮೈಕ್ ಯಾರ ಹತ್ತಿರ ಇದೆ, ಯಾಕೆ ಅವರ ಹತ್ತಿರವೇ ಇದೆ, ಅದನ್ನು ಯಾವ ಕಾನೂನು ಕಾಯ್ತಾ ಇದೆ ಅನ್ನೋದು ಅವರ ಪ್ರಶ್ನೆ.

ಮೈಸೂರಿನ ಮೇಷ್ಟ್ರ ಮನೆಯಲ್ಲಿ ಶುರುವಾಗಿತ್ತು

ಇಲ್ಲಿ ನಮ್ಮ ರಾಜ್ಯದ ಒಂದು ಹಳೇ ಕಥೆ ನೆನೆಯಬೇಕು. 1935ರಲ್ಲಿ ಮೈಸೂರು ಮಹಾರಾಜ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಪುಟ್ಟ ರೇಡಿಯೊ ಕೇಂದ್ರ ಶುರು ಮಾಡಿದ್ದರು. ಅದರ ಹೆಸರೇ ಆಕಾಶವಾಣಿ. ಇಡೀ ದೇಶದ ಸರ್ಕಾರಿ ರೇಡಿಯೊ ಮುಂದೆ ಇಟ್ಟುಕೊಂಡ ಹೆಸರು ಇದೇ.

ಒಬ್ಬ ಮೇಷ್ಟ್ರು ಮನೆಯಿಂದ ರೇಡಿಯೊ ನಡೆಸಬಹುದಾಗಿದ್ದ ಕಾಲ ಅದು. ಸ್ವಾತಂತ್ರ್ಯ ಬಂದ ಮೇಲೆ ಆ ಅವಕಾಶ ಹೋಯಿತು. ಬ್ರಿಟಿಷರು 1885ರಲ್ಲಿ ಮಾಡಿದ್ದ ಟೆಲಿಗ್ರಾಫ್ ಕಾಯ್ದೆಯನ್ನೇ ಸರ್ಕಾರ ಮುಂದುವರಿಸಿತು. ತರಂಗದ ಮೂಲಕ ಏನೇ ಕಳಿಸಬೇಕಾದರೂ ಸರ್ಕಾರದ ಲೈಸೆನ್ಸ್ ಬೇಕು. ಆ ಲೈಸೆನ್ಸ್ ಹೊರಗಿನವರಿಗೆ ಕೊಡುತ್ತಿರಲಿಲ್ಲ. ಹೀಗಾಗಿ ದಶಕಗಳ ಕಾಲ ರೇಡಿಯೊ ಅಂದ್ರೆ ಸರ್ಕಾರದ ಆಕಾಶವಾಣಿ ಮಾತ್ರ ಅನ್ನೋ ಹಾಗಾಯಿತು.

ಕ್ರಿಕೆಟ್ ಜಗಳದಿಂದ ಬಂದ ತೀರ್ಪು

ಈ ಬೀಗ ಸಡಿಲವಾಗಿದ್ದು ಯಾವುದೋ ರೇಡಿಯೊ ಹೋರಾಟದಿಂದಲ್ಲ, ಕ್ರಿಕೆಟ್‌ನಿಂದ.

1993ರ ಹೀರೊ ಕಪ್ ನೆನಪಿದೆಯಾ? ಕೋಲ್ಕತ್ತದ ಈಡನ್ ಗಾರ್ಡನ್ಸ್‌ನಲ್ಲಿ ನಡೆದ ಫೈನಲ್‌ನಲ್ಲಿ ನಮ್ಮ ಅನಿಲ್ ಕುಂಬ್ಳೆ 12 ರನ್ ಕೊಟ್ಟು 6 ವಿಕೆಟ್ ತೆಗೆದು ವೆಸ್ಟ್ ಇಂಡೀಸ್ ತಂಡವನ್ನು ಮಲಗಿಸಿದ್ದರು. ಅದೇ ಟೂರ್ನಿಯ ಟಿವಿ ಪ್ರಸಾರದ ಬಗ್ಗೆ ಹೊರಗೆ ಇನ್ನೊಂದು ಪಂದ್ಯ ನಡೀತಿತ್ತು. ಬಂಗಾಳ ಕ್ರಿಕೆಟ್ ಸಂಸ್ಥೆ ಪ್ರಸಾರದ ಹಕ್ಕನ್ನು ವಿದೇಶಿ ಕಂಪನಿಗೆ ಕೊಟ್ಟಿತ್ತು. ದೂರದರ್ಶನದವರು, ಈ ನೆಲದಿಂದ ಸಿಗ್ನಲ್ ಕಳಿಸೋ ಅಧಿಕಾರ ನಮಗೆ ಮಾತ್ರ ಅಂತ ಪಟ್ಟು ಹಿಡಿದರು. ಜಗಳ ಹೈಕೋರ್ಟ್ ದಾಟಿ ಸುಪ್ರೀಂ ಕೋರ್ಟಿಗೆ ಹೋಯಿತು.

1995ರ ಫೆಬ್ರವರಿಯಲ್ಲಿ ತೀರ್ಪು ಬಂತು. ನ್ಯಾಯಮೂರ್ತಿಗಳಾದ ಪಿ.ಬಿ. ಸಾವಂತ್, ಎಸ್. ಮೋಹನ್ ಮತ್ತು ಬಿ.ಪಿ. ಜೀವನ್ ರೆಡ್ಡಿ ಅವರಿದ್ದ ಪೀಠ ಹೇಳಿದ್ದರ ಸಾರ ಇಷ್ಟು: ತರಂಗಗಳು ಸಾರ್ವಜನಿಕರ ಆಸ್ತಿ. ಅವು ಸರ್ಕಾರವೊಂದರ ಸ್ವತ್ತೂ ಅಲ್ಲ, ದುಡ್ಡಿದ್ದವರ ಸ್ವತ್ತೂ ಅಲ್ಲ. ಜನರ ಹಿತಕ್ಕೆ ತಕ್ಕ ಹಾಗೆ ಅವು ಬಳಕೆಯಾಗಬೇಕು.

ಊರ ಕೆರೆ ಇದ್ದ ಹಾಗೆ ಅಂತ ತಿಳ್ಕೊಳ್ಳಿ. ಕೆರೆ ಊರಿನದು. ಎಲ್ಲರೂ ಒಟ್ಟಿಗೆ ಇಳಿದರೆ ಗಲೀಜಾಗುತ್ತೆ, ಅದಕ್ಕೆ ನೀರುಗಂಟಿ ಬೇಕು. ಹಾಗಂತ ನೀರುಗಂಟಿ ಕೆರೆಗೆ ಮಾಲೀಕ ಅಲ್ಲ. ತರಂಗದ ವಿಷಯದಲ್ಲಿ ಸರ್ಕಾರದ ಪಾತ್ರ ನೀರುಗಂಟಿಯದು.

ಆದರೆ ತೀರ್ಪು ಬಂದ ಮೇಲೆ ಆಗಿದ್ದೇನು? ಸರ್ಕಾರ ಎಫ್‌ಎಂ ಅಲೆಗಳನ್ನು ಹರಾಜಿಗೆ ಇಟ್ಟಿತು. ದೊಡ್ಡ ಕಂಪನಿಗಳು ಕೂಗಿ ತಗೊಂಡವು. 2001ರ ಜುಲೈನಲ್ಲಿ ದೇಶದ ಮೊದಲ ಖಾಸಗಿ ಎಫ್‌ಎಂ ಶುರುವಾಗಿದ್ದು ನಮ್ಮ ಬೆಂಗಳೂರಿನಲ್ಲೇ. ಕೆರೆಯ ಒಂದು ಭಾಗ ಸರ್ಕಾರಕ್ಕೆ, ಇನ್ನೊಂದು ಭಾಗ ಹರಾಜಿನಲ್ಲಿ ಗೆದ್ದವರಿಗೆ. ಊರಿನವರ ಪಾಲು ಎಲ್ಲಿ? ಪಾವರಾಲ ಮತ್ತು ಅವರಂಥವರು ಎತ್ತಿದ್ದು ಇದೇ ಪ್ರಶ್ನೆ.

ಬೂದಿಕೋಟೆಯವರು ಕಾಯಲಿಲ್ಲ

ತೀರ್ಪು ಬಂದ ಮರುವರ್ಷ, 1996ರಲ್ಲಿ, ವಾಯ್ಸಸ್ ಅನ್ನೋ ಸಂಸ್ಥೆ ಬೆಂಗಳೂರಿನಲ್ಲಿ ಸಭೆ ಕರೆದು ಜನರಿಗೆ ಅವರದೇ ರೇಡಿಯೊ ಬೇಕು ಅಂತ ಘೋಷಣೆ ಹೊರಡಿಸಿತು. ಅದಕ್ಕೆ ಬೆಂಗಳೂರು ಘೋಷಣೆ ಅಂತಲೇ ಹೆಸರು. 2000ದಲ್ಲಿ ಜಹೀರಾಬಾದ್ ಹತ್ತಿರದ ಪಸ್ತಾಪುರದಲ್ಲಿ ಇಂಥದ್ದೇ ಇನ್ನೊಂದು ಘೋಷಣೆ ಆಯಿತು. ಆದರೂ ದೆಹಲಿ ಅಲುಗಾಡಲಿಲ್ಲ.

ಪಾವರಾಲ ಮತ್ತು ಅವರ ಸಹೋದ್ಯೋಗಿ ಕಾಂಚನ್ ಕೆ. ಮಲಿಕ್ ಆಗ ಮಾಡಿದ್ದು ಒಂದು ಬುದ್ಧಿವಂತ ಕೆಲಸ. ಕಾನೂನು ಬರಲಿ ಅಂತ ಕಾಯದೆ, ಇದ್ದ ಕಾನೂನಿನ ಸಂದಿಯಲ್ಲೇ ದಾರಿ ಮಾಡಿಕೊಂಡಿದ್ದ ನಾಲ್ಕು ಕಡೆಯ ಜನರನ್ನು ಹುಡುಕಿ ಅಧ್ಯಯನ ಮಾಡಿದರು.

ಮೊದಲನೆಯದು ಕೋಲಾರ ಜಿಲ್ಲೆ ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆ. ಹೈದರ್ ಅಲಿ ಹುಟ್ಟಿದ ಊರು ಅಂತ ಹೆಸರಾದ ಜಾಗ. ಅಲ್ಲಿ ವಾಯ್ಸಸ್ ಮತ್ತು ಮೈರಾಡ ಸಂಸ್ಥೆಗಳು ಯುನೆಸ್ಕೊ ನೆರವಿನಿಂದ 'ನಮ್ಮ ಧ್ವನಿ' ಅಂತ ಶುರು ಮಾಡಿದವು. ತರಂಗ ಬಳಸಿದರೆ ತಾನೇ ಲೈಸೆನ್ಸ್ ಬೇಕು? ಹಳ್ಳಿಗೆ ಬಂದಿದ್ದ ಟಿವಿ ಕೇಬಲ್ ತಂತಿಯಲ್ಲೇ ಧ್ವನಿ ಕಳಿಸಿದರು. ಸ್ವಸಹಾಯ ಸಂಘದ ಹೆಣ್ಣುಮಕ್ಕಳು, ಊರಿನ ಹುಡುಗರು ಕಾರ್ಯಕ್ರಮ ಮಾಡಿದರು.

ಎರಡನೆಯದು ಆಗಿನ ಮೇದಕ್ ಜಿಲ್ಲೆಯ ಮಾಚನೂರು, ಬೀದರ್ ಗಡಿಯಿಂದ ದೂರವೇನಿಲ್ಲ. ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಸಂಘಗಳ ದಲಿತ ಹೆಣ್ಣುಮಕ್ಕಳು 1998ರಿಂದಲೇ ಸ್ಟುಡಿಯೊ ಇಟ್ಟುಕೊಂಡಿದ್ದರು. ಪ್ರಸಾರ ಮಾಡೋ ಹಾಗಿಲ್ಲ. ಹಾಗಾಗಿ ಕ್ಯಾಸೆಟ್‌ನಲ್ಲಿ ರೆಕಾರ್ಡ್ ಮಾಡಿ, ಸಂಘದ ಸಭೆಗೆ ತಗೊಂಡು ಹೋಗಿ ಟೇಪ್ ರೆಕಾರ್ಡರ್‌ನಲ್ಲಿ ಕೇಳಿಸುತ್ತಿದ್ದರು. ಸಿರಿಧಾನ್ಯ, ಬಿತ್ತನೆ ಬೀಜ, ಹಬ್ಬದ ಹಾಡು, ಮನೆಮದ್ದು, ಎಲ್ಲವೂ ಅವರದೇ ಭಾಷೆಯಲ್ಲಿ. ಆ ಸೊಸೈಟಿ ಕಟ್ಟಿದವರಲ್ಲಿ ಒಬ್ಬರಾದ ಪಿ.ವಿ. ಸತೀಶ್ ಮೈಸೂರಿನವರು, ಮೊದಲು ದೂರದರ್ಶನದಲ್ಲಿ ಇದ್ದವರು.

ಮೂರನೆಯದು ಗುಜರಾತಿನ ಕಛ್, ನಾಲ್ಕನೆಯದು ಜಾರ್ಖಂಡಿನ ಪಲಾಮು. ಈ ಎರಡೂ ಕಡೆ ಸಂಘಟನೆಗಳು ದುಡ್ಡು ಕೊಟ್ಟು ಆಕಾಶವಾಣಿಯ ಭುಜ್ ಮತ್ತು ಡಾಲ್ಟನ್‌ಗಂಜ್ ಕೇಂದ್ರಗಳಲ್ಲಿ ಸಮಯ ತಗೊಂಡು ತಮ್ಮ ಜನರ ಭಾಷೆಯಲ್ಲಿ ಕಾರ್ಯಕ್ರಮ ಹಾಕಿಸುತ್ತಿದ್ದವು.

ಕೇಬಲ್, ಕ್ಯಾಸೆಟ್, ಬಾಡಿಗೆ ಸಮಯ. ಈ ಮೂರು ದಾರಿಯನ್ನು ನೋಡಿದ ಮೇಲೆ, ಹಳ್ಳಿಯವರಿಗೆ ರೇಡಿಯೊ ನಡೆಸೋಕೆ ಬರಲ್ಲ ಅನ್ನೋ ವಾದ ನಿಲ್ಲೋದಿಲ್ಲ. ಓದು ಬರಹ ಗೊತ್ತಿಲ್ಲದವರೂ ಮೈಕ್ ಹಿಡಿದು ಸಂದರ್ಶನ ಮಾಡ್ತಿದ್ದರು. ಕಾರ್ಯಕ್ರಮ ತಯಾರಿತ್ತು, ಕೇಳೋ ಜನ ತಯಾರಿದ್ದರು. ಬಾಕಿ ಇದ್ದದ್ದು ಒಂದು ಸಹಿ ಮಾತ್ರ. ಈ ಅಧ್ಯಯನ 2007ರಲ್ಲಿ 'ಅದರ್ ವಾಯ್ಸಸ್' ಅನ್ನೋ ಪುಸ್ತಕವಾಗಿ ಬಂತು. ಭಾರತದ ಸಮುದಾಯ ರೇಡಿಯೊ ಬಗ್ಗೆ ಓದುವವರು ಇವತ್ತಿಗೂ ಮೊದಲು ಕೈಗೆತ್ತಿಕೊಳ್ಳೋ ಪುಸ್ತಕಗಳಲ್ಲಿ ಇದು ಒಂದು.

ರಿಪೇರಿ ಅಂಗಡಿಯ ರೇಡಿಯೊ ಮುಚ್ಚಿಸಿದರು

ಅದೇ ಕಾಲದ ಇನ್ನೊಂದು ಘಟನೆ ಅಂಗಡಿಯವರಿಗೆ ಹಿಡಿಸಬಹುದು. ಬಿಹಾರದ ವೈಶಾಲಿ ಜಿಲ್ಲೆಯ ಮನ್ಸೂರ್‌ಪುರದಲ್ಲಿ ಎಲೆಕ್ಟ್ರಾನಿಕ್ಸ್ ರಿಪೇರಿ ಅಂಗಡಿಯ ಹುಡುಗನೊಬ್ಬ ತಾನೇ ಜೋಡಿಸಿದ ಟ್ರಾನ್ಸ್‌ಮಿಟರ್‌ನಿಂದ 'ರಾಘವ್ ಎಫ್‌ಎಂ' ನಡೆಸುತ್ತಿದ್ದ. ಅದಕ್ಕೆ ತಗುಲಿದ ಖರ್ಚು ಬರೀ 50 ರೂಪಾಯಿ ಅಂತ ಪತ್ರಿಕೆಗಳಲ್ಲಿ ಬಂತು. ಸುತ್ತಲಿನ ಹಳ್ಳಿಯವರಿಗೆ ಅಚ್ಚುಮೆಚ್ಚು. ಸುದ್ದಿ ದೊಡ್ಡದಾಗುತ್ತಲೇ, 2006ರಲ್ಲಿ, ಲೈಸೆನ್ಸ್ ಇಲ್ಲ ಅಂತ ಅಧಿಕಾರಿಗಳು ಮುಚ್ಚಿಸಿದರು.

ಕಾನೂನಿನ ಪ್ರಕಾರ ಅವರು ಮಾಡಿದ್ದು ತಪ್ಪಲ್ಲ. ಆದರೆ ಅಂಥ ಹುಡುಗನಿಗೆ ಲೈಸೆನ್ಸ್ ಕೇಳೋಕೆ ಒಂದು ಕೌಂಟರ್ ಕೂಡ ಇರಲಿಲ್ಲ. ಇವತ್ತಿಗೂ ಒಬ್ಬ ವ್ಯಕ್ತಿಯ ಹೆಸರಿಗೆ ಸಮುದಾಯ ರೇಡಿಯೊ ಕೊಡೋದಿಲ್ಲ.

2006ರಲ್ಲಿ ಬಾಗಿಲು ತೆರೆಯಿತು

ಮೊದಲು, 2002ರ ಕೊನೆಗೆ, ಸರ್ಕಾರ ಕಾಲೇಜು ಮತ್ತು ವಿಶ್ವವಿದ್ಯಾಲಯಗಳಿಗೆ ಮಾತ್ರ ಅನುಮತಿ ಕೊಟ್ಟಿತು. 2004ರ ಫೆಬ್ರವರಿ 1ರಂದು ಚೆನ್ನೈನ ಅಣ್ಣಾ ವಿಶ್ವವಿದ್ಯಾಲಯದ ಅಣ್ಣಾ ಎಫ್‌ಎಂ ಶುರುವಾಯಿತು. ಆದರೆ ಕ್ಯಾಂಪಸ್ ರೇಡಿಯೊ ಬೇರೆ, ಊರಿನ ರೇಡಿಯೊ ಬೇರೆ ಅಂತ ಹೋರಾಟಗಾರರು ಪಟ್ಟು ಬಿಡಲಿಲ್ಲ.

2006ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಹೊಸ ನೀತಿಗೆ ಒಪ್ಪಿತು. ನೋಂದಾಯಿತ ಸಂಘ ಸಂಸ್ಥೆ, ಟ್ರಸ್ಟ್‌ಗಳಿಗೂ ಅವಕಾಶ ಸಿಕ್ಕಿತು. ಮಾಚನೂರಿನ ಹೆಣ್ಣುಮಕ್ಕಳ ಹತ್ತು ವರ್ಷದ ಕಾಯುವಿಕೆ 2008ರ ಅಕ್ಟೋಬರ್ 15ರಂದು ಮುಗಿಯಿತು. 'ಸಂಘಂ ರೇಡಿಯೊ' ಗಾಳಿಗೆ ಬಂತು. ಉದ್ಘಾಟನೆ ಮಾಡಿದ್ದು ಬೇರೆ ಯಾರೂ ಅಲ್ಲ, 1995ರ ತೀರ್ಪು ಕೊಟ್ಟ ಪೀಠದಲ್ಲಿದ್ದ ನ್ಯಾಯಮೂರ್ತಿ ಪಿ.ಬಿ. ಸಾವಂತ್. ಅವತ್ತಿನಿಂದ ಕೇಂದ್ರ ನಡೆಸಿದವರು ಜನರಲ್ ನರಸಮ್ಮ ಮತ್ತು ಅಲ್ಗೋಲೆ ನರಸಮ್ಮ ಅನ್ನೋ ಇಬ್ಬರು ಹೆಣ್ಣುಮಕ್ಕಳು.

ಕರ್ನಾಟಕದಲ್ಲೂ ಕೇಂದ್ರಗಳು ಬಂದವು. ಬೆಂಗಳೂರಿನ ರೇಡಿಯೊ ಆಕ್ಟಿವ್, ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕೃಷಿ ರೇಡಿಯೊ, ಮಂಗಳೂರಿನ ರೇಡಿಯೊ ಸಾರಂಗ್, ಮಣಿಪಾಲದ ರೇಡಿಯೊ, ಕಲಬುರಗಿಯ ಅಂತರ್ವಾಣಿ, ಕಾಡಂಚಿನ ಸರಗೂರಿನ ಜನಧ್ವನಿ ಹೀಗೆ. ಇಡೀ ದೇಶದಲ್ಲಿ ಈಗ ಸುಮಾರು 500 ಸಮುದಾಯ ರೇಡಿಯೊಗಳಿವೆ. ಕೇಳೋಕೆ ದೊಡ್ಡ ಸಂಖ್ಯೆ. ಆದರೆ ದೇಶದಲ್ಲಿ ಆರು ಲಕ್ಷಕ್ಕೂ ಹೆಚ್ಚು ಹಳ್ಳಿಗಳಿವೆ ಅನ್ನೋದನ್ನು ಪಕ್ಕದಲ್ಲಿಟ್ಟು ನೋಡಿದರೆ ಏನೂ ಅಲ್ಲ.

ಟವರ್ ಎದ್ದರೆ ಸಾಲದು

ಲೈಸೆನ್ಸ್ ಸಿಕ್ಕ ಮೇಲೆ ಪಾವರಾಲ ಅವರು ಸುಮ್ಮನೆ ಕೂರಲಿಲ್ಲ. ಬೇಕು ಅಂತ ಹೋರಾಡಿದ ವಿಷಯವನ್ನೇ ಆಮೇಲೆ ಕಟುವಾಗಿ ಪರೀಕ್ಷೆ ಮಾಡಿದರು. ಅವರ ಬರಹಗಳಲ್ಲಿ ಮತ್ತೆ ಮತ್ತೆ ಬರೋ ಒಂದು ಎಚ್ಚರಿಕೆ ಇದೆ: ಸಮುದಾಯದ ರೇಡಿಯೊ ನಿಧಾನವಾಗಿ ಎನ್‌ಜಿಒಗಳ ರೇಡಿಯೊ ಆಗಿಬಿಡಬಹುದು.

ಇದು ಹೇಗಾಗುತ್ತೆ ನೋಡಿ. ಲೈಸೆನ್ಸ್ ಸಂಸ್ಥೆಯ ಹೆಸರಲ್ಲಿ ಇರುತ್ತೆ. ಸಂಬಳ ಕೊಡೋದು ಯಾವುದೋ ಪ್ರಾಜೆಕ್ಟ್. ಪ್ರಾಜೆಕ್ಟ್‌ನವರು ಈ ತಿಂಗಳು ಕೈ ತೊಳೆಯೋದರ ಬಗ್ಗೆ ಕಾರ್ಯಕ್ರಮ ಮಾಡಿ ಅಂತಾರೆ, ಮುಂದಿನ ತಿಂಗಳು ಶೌಚಾಲಯ. ಊರಿನವರು ಬಂದು ನಮ್ಮ ಚರಂಡಿ ವಿಷಯ ಮಾತಾಡಬೇಕು ಅಂದ್ರೆ ಟೈಮ್ ಇಲ್ಲ. ಹೆಸರು ಸಮುದಾಯದ್ದು, ಮೈಕ್ ಮತ್ತೆ ಬೇರೆಯವರ ಕೈಯಲ್ಲಿ.

ಇದಕ್ಕೆ ಯುನೆಸ್ಕೊ ಪೀಠದಿಂದ ಅವರ ತಂಡ ಒಂದು ಕೈಪಿಡಿ ಮಾಡಿತು. ಕೇಂದ್ರದವರು ತಮ್ಮನ್ನು ತಾವೇ ಪ್ರಶ್ನೆ ಮಾಡ್ಕೊಳ್ಳೋ ಪಟ್ಟಿ ಅದು. ಕಾರ್ಯಕ್ರಮ ಏನಿರಬೇಕು ಅಂತ ತೀರ್ಮಾನಿಸೋರು ಯಾರು? ಹೆಣ್ಣುಮಕ್ಕಳು ಎಷ್ಟು ಜನ? ದುಡ್ಡಿನ ಲೆಕ್ಕ ಊರಿಗೆ ತೋರಿಸ್ತೀರಾ? ಕೇಳುಗರ ದೂರು ಎಲ್ಲಿ ಹೋಗುತ್ತೆ? ಆಮೇಲೆ ಒಂದು ಕೇಂದ್ರದವರು ಇನ್ನೊಂದು ಕೇಂದ್ರಕ್ಕೆ ಹೋಗಿ ನೋಡಿ ಹೇಳೋ ಪದ್ಧತಿಯೂ ಅದರಲ್ಲಿದೆ. ಮೇಲಿನಿಂದ ಇನ್‌ಸ್ಪೆಕ್ಟರ್ ಬರೋ ಬದಲು, ಪಕ್ಕದ ಊರಿನ ರೈತ ನಮ್ಮ ಹೊಲ ನೋಡಿ ಹೇಳಿದ ಹಾಗೆ. 2020ರಲ್ಲಿ ಕಾಂಚನ್ ಮಲಿಕ್ ಜೊತೆ ಸೇರಿ ದಕ್ಷಿಣ ಏಷ್ಯಾದ ಸಮುದಾಯ ರೇಡಿಯೊಗಳ ಬಗ್ಗೆ ಇನ್ನೊಂದು ಪುಸ್ತಕವನ್ನೂ ಸಂಪಾದಿಸಿದರು.

ದುಡ್ಡಿನ ತೊಂದರೆಯೂ ಸಣ್ಣದಲ್ಲ. 2012ರಲ್ಲಿ ತರಂಗ ಬಳಕೆಯ ವಾರ್ಷಿಕ ಶುಲ್ಕವನ್ನು 19,700 ರೂಪಾಯಿಯಿಂದ ಒಂದೇ ಸಲ 91,000ಕ್ಕೆ ಏರಿಸಲಾಗಿತ್ತು. ದೇಶದಾದ್ಯಂತ ಕೇಂದ್ರಗಳು ಪ್ರತಿಭಟಿಸಿದ ಮೇಲೆ ಸರ್ಕಾರ ಹಿಂದೆ ಸರಿಯಿತು. ಲಾಭಕ್ಕಲ್ಲದೆ ನಡೆಯೋ ಹಳ್ಳಿ ಕೇಂದ್ರಕ್ಕೆ ಇಂಥ ಒಂದೇ ಆದೇಶ ಸಾಕು, ಬಾಗಿಲು ಹಾಕಿಸೋಕೆ.

ಸುದ್ದಿ ಮಾತ್ರ ಹೇಳೋ ಹಾಗಿಲ್ಲ

ಎಲ್ಲಕ್ಕಿಂತ ದೊಡ್ಡ ಬೀಗ ಇನ್ನೂ ಹಾಗೇ ಇದೆ. ಸಮುದಾಯ ರೇಡಿಯೊ ಸ್ವಂತವಾಗಿ ಸುದ್ದಿ ಪ್ರಸಾರ ಮಾಡೋ ಹಾಗಿಲ್ಲ. ಆಕಾಶವಾಣಿಯ ಸುದ್ದಿಯನ್ನು ಇದ್ದ ಹಾಗೇ ಅಥವಾ ಸ್ಥಳೀಯ ಭಾಷೆಗೆ ಅನುವಾದಿಸಿ ಮರುಪ್ರಸಾರ ಮಾಡಬಹುದು, ಅಷ್ಟೇ. ಹವಾಮಾನ, ಟ್ರಾಫಿಕ್, ಪರೀಕ್ಷೆ ಫಲಿತಾಂಶ, ನೀರು ಕರೆಂಟಿನ ಮಾಹಿತಿಯಂಥವು ನಿಯಮದ ಪ್ರಕಾರ ಸುದ್ದಿ ಅಲ್ಲ, ಅವನ್ನು ಹೇಳಬಹುದು.

ಇದನ್ನು ತಾಲ್ಲೂಕಿಗೆ ಇಳಿಸಿ ನೋಡಿ. ನಾಳೆ ಬೆಳಗ್ಗೆ 10ರಿಂದ ಕರೆಂಟ್ ಇರಲ್ಲ ಅಂತ ಹೇಳಬಹುದು. ಮೂರು ತಿಂಗಳಿಂದ ಟ್ರಾನ್ಸ್‌ಫಾರ್ಮರ್ ಯಾಕೆ ಬದಲಾಯಿಸಿಲ್ಲ ಅಂತ ಸುದ್ದಿ ಮಾಡಿದರೆ ಲೈಸೆನ್ಸ್‌ಗೆ ಕುತ್ತು ಬರಬಹುದು ಅನ್ನೋ ಭಯ. ಅದೇ ವಿಷಯ ಪತ್ರಿಕೆಯಲ್ಲಿ ಬರಬಹುದು, ಟಿವಿಯಲ್ಲಿ ಬರಬಹುದು, ಯೂಟ್ಯೂಬ್‌ನಲ್ಲಿ ಬರಬಹುದು. ವಾಟ್ಸ್‌ಆ್ಯಪ್‌ನಲ್ಲಂತೂ ನಿಜ ಸುಳ್ಳು ಎರಡೂ ಓಡಾಡುತ್ತೆ. 10 ಕಿಲೊಮೀಟರ್ ಕೇಳಿಸೋ ರೇಡಿಯೊಗೆ ಮಾತ್ರ ಬೇಡ.

ಸರ್ಕಾರ ಕೊಡೋ ಕಾರಣ ಭದ್ರತೆ. ಸಾವಿರಾರು ಕಡೆ ಏನು ಪ್ರಸಾರ ಆಗುತ್ತೆ ಅಂತ ಕಣ್ಣಿಡೋದು ಕಷ್ಟ, ಗಲಾಟೆ ಎಬ್ಬಿಸೋರು ಬಳಸಿಕೊಳ್ಳಬಹುದು ಅನ್ನೋ ವಾದ. ಅದು ಪೂರ್ತಿ ತಳ್ಳಿಹಾಕೋ ಮಾತಲ್ಲ. ಆದರೆ ಪ್ರತಿ ಕೇಂದ್ರವೂ ಪ್ರಸಾರವಾದ ಕಾರ್ಯಕ್ರಮದ ರೆಕಾರ್ಡಿಂಗನ್ನು ಮೂರು ತಿಂಗಳು ಇಟ್ಟುಕೊಳ್ಳಬೇಕು ಅಂತ ನಿಯಮ ಈಗಾಗಲೇ ಇದೆ. ಯಾರು ಏನು ಹೇಳಿದರು ಅಂತ ಪತ್ತೆ ಮಾಡೋದು ವಾಟ್ಸ್‌ಆ್ಯಪ್‌ಗಿಂತ ಇಲ್ಲೇ ಸುಲಭ. ನೆರೆಯ ನೇಪಾಳದಲ್ಲಿ 1997ರಲ್ಲೇ ರೇಡಿಯೊ ಸಗರಮಾಥಾ ಶುರುವಾಗಿ, ಅಲ್ಲಿನ ಸಮುದಾಯ ರೇಡಿಯೊಗಳು ಸುದ್ದಿ ಹೇಳುತ್ತಲೇ ಬೆಳೆದಿವೆ. ಭಾರತದಲ್ಲಿ ಈ ನಿಷೇಧ ಪ್ರಶ್ನಿಸಿ ಕಾಮನ್ ಕಾಸ್ ಸಂಸ್ಥೆ 2013ರಲ್ಲಿ ಸುಪ್ರೀಂ ಕೋರ್ಟಿಗೆ ಹೋಗಿತ್ತು.

ಸಂವಹನ ಹಕ್ಕಿನ ಕಣ್ಣಲ್ಲಿ ನೋಡಿದರೆ ಇದು ಮೈಕ್ ಕೊಟ್ಟು, ಮುಖ್ಯವಾದ ವಿಷಯ ಬಿಟ್ಟು ಉಳಿದದ್ದು ಮಾತಾಡಿ ಅಂದ ಹಾಗೆ.

ನಮ್ಮ ತಾಲ್ಲೂಕಿಗೆ ಬೇಕಂದ್ರೆ?

ತಿಳಿದಿರಬೇಕಾದ ವಿಷಯಗಳು ಇಷ್ಟು:

- ಯಾರಿಗೆ ಸಿಗುತ್ತೆ: ಶಾಲೆ ಕಾಲೇಜು, ಕೃಷಿ ವಿಶ್ವವಿದ್ಯಾಲಯ, ಕೃಷಿ ವಿಜ್ಞಾನ ಕೇಂದ್ರ, ಕನಿಷ್ಠ ಮೂರು ವರ್ಷ ಸಮಾಜಸೇವೆ ಮಾಡಿದ ನೋಂದಾಯಿತ ಸಂಘ ಅಥವಾ ಟ್ರಸ್ಟ್.
- ಯಾರಿಗೆ ಸಿಗಲ್ಲ: ಒಬ್ಬ ವ್ಯಕ್ತಿ, ರಾಜಕೀಯ ಪಕ್ಷ, ಲಾಭಕ್ಕೆ ನಡೆಯೋ ಕಂಪನಿ.
- ಎಷ್ಟು ದೂರ: 100 ವಾಟ್ ಟ್ರಾನ್ಸ್‌ಮಿಟರ್. ನೆಲ ಹೇಗಿದೆ ಅನ್ನೋದರ ಮೇಲೆ 5ರಿಂದ 15 ಕಿಲೊಮೀಟರ್. ಹೆಚ್ಚೂಕಡಿಮೆ ಒಂದು ಹೋಬಳಿ.
- ಏನು ಹಾಕಬೇಕು: ಕಾರ್ಯಕ್ರಮದಲ್ಲಿ ಕನಿಷ್ಠ ಅರ್ಧದಷ್ಟು ಸ್ಥಳೀಯ ಜನರೇ ಸೇರಿ ಮಾಡಿದ್ದಾಗಿರಬೇಕು. ಸ್ಥಳೀಯ ಭಾಷೆಗೆ ಆದ್ಯತೆ.
- ಸಮಿತಿ: 2024ರ ಪರಿಷ್ಕೃತ ಮಾರ್ಗಸೂಚಿ ಪ್ರಕಾರ ಕಾರ್ಯಕ್ರಮ ಸಮಿತಿಯಲ್ಲಿ ಕನಿಷ್ಠ ಅರ್ಧ ಹೆಣ್ಣುಮಕ್ಕಳಿರಬೇಕು.

ಅಂಗಡಿಯವರು ಗಮನಿಸಬೇಕಾದ್ದು ಜಾಹೀರಾತು. ಸ್ಥಳೀಯ ವ್ಯಾಪಾರ, ಸೇವೆ, ಕಾರ್ಯಕ್ರಮ, ಕೆಲಸ ಖಾಲಿ ಇದೆ ಅನ್ನೋ ಮಾಹಿತಿಗೆ ಈ ರೇಡಿಯೊದಲ್ಲಿ ಜಾಗ ಇದೆ. ಮೊದಲು ಗಂಟೆಗೆ 5 ನಿಮಿಷ ಮಾತ್ರ ಇತ್ತು, ಆಮೇಲೆ 7 ಆಯಿತು, 2024ರಲ್ಲಿ 12 ನಿಮಿಷಕ್ಕೆ ಏರಿಸಿದರು. ಸರ್ಕಾರಿ ಜಾಹೀರಾತಿನ ದರ 10 ಸೆಕೆಂಡಿಗೆ 52 ರೂಪಾಯಿ ಇದ್ದದ್ದು 74 ಆಗಿದೆ. ಆ ಲೆಕ್ಕದಲ್ಲಿ ಅರ್ಧ ನಿಮಿಷಕ್ಕೆ 222 ರೂಪಾಯಿ. ಗೊಬ್ಬರದಂಗಡಿ, ಬಟ್ಟೆ ಅಂಗಡಿ, ಹೋಟೆಲ್, ಮೆಡಿಕಲ್ ಶಾಪ್ ನಡೆಸೋರಿಗೆ ಗಿರಾಕಿ ಇರೋದು ಇದೇ 10 ಕಿಲೊಮೀಟರ್ ಒಳಗೆ. ಬೆಂಗಳೂರಿನ ಎಫ್‌ಎಂನಲ್ಲಿ ಜಾಹೀರಾತು ಕೊಟ್ಟು ಅವರಿಗೇನು ಲಾಭ?

ಇದರಲ್ಲಿ ಇನ್ನೊಂದು ವಿಷಯ ಅಡಗಿದೆ. ಕೇಂದ್ರ ಪೂರ್ತಿ ಸರ್ಕಾರಿ ಜಾಹೀರಾತಿನ ಮೇಲೆ ನಿಂತರೆ ಸರ್ಕಾರದ ಮುಲಾಜು. ಪ್ರಾಜೆಕ್ಟ್ ದುಡ್ಡಿನ ಮೇಲೆ ನಿಂತರೆ ಪ್ರಾಜೆಕ್ಟ್‌ನವರ ಮುಲಾಜು. ಊರಿನ ನೂರು ಅಂಗಡಿಯವರು ಸ್ವಲ್ಪ ಸ್ವಲ್ಪ ಕೊಟ್ಟರೆ ಯಾರೊಬ್ಬರ ಮುಲಾಜೂ ಇರಲ್ಲ.

ಮುಂದೆ ಯಾರಾದರೂ ನಮ್ಮ ತಾಲ್ಲೂಕಿನಲ್ಲಿ ಸಮುದಾಯ ರೇಡಿಯೊ ತರ್ತೀವಿ ಅಂತ ಬಂದರೆ ಖುಷಿಯ ವಿಷಯವೇ. ಅವರಿಗೆ ಟವರ್ ಎಷ್ಟು ಎತ್ತರ, ಯಂತ್ರ ಯಾವ ಕಂಪನಿಯದು ಅಂತ ಕೇಳೋ ಮೊದಲು ಮೂರು ಪ್ರಶ್ನೆ ಕೇಳಿ. ಕಾರ್ಯಕ್ರಮ ತೀರ್ಮಾನಿಸೋ ಸಮಿತಿಯಲ್ಲಿ ಊರಿನವರು ಯಾರ್ಯಾರು ಇರ್ತಾರೆ? ಪ್ರಾಜೆಕ್ಟ್ ಮುಗಿದ ಮೇಲೆ ಕರೆಂಟ್ ಬಿಲ್ ಯಾರು ಕಟ್ತಾರೆ? ನಿಮ್ಮ ಸಂಸ್ಥೆ ಬಗ್ಗೆಯೇ ಊರಿನವರಿಗೆ ದೂರು ಇದ್ದರೆ ಅದನ್ನೂ ಪ್ರಸಾರ ಮಾಡ್ತೀರಾ?

ಮೂರನೇ ಪ್ರಶ್ನೆಗೆ ಅವರು ಏನು ಉತ್ತರ ಕೊಡ್ತಾರೆ ಅನ್ನೋದರಲ್ಲೇ ಆ ರೇಡಿಯೊ ಯಾರದು ಅನ್ನೋದು ಗೊತ್ತಾಗುತ್ತೆ.